ಆಟದ ಬಗ್ಗೆ ಇರುವ ಹಳೆಯ ಸಿದ್ಧಾಂತಗಳು ವಿಡಿಯೋ ಗೇಮ್‌ಗೂ ಒಪ್ಪುತ್ತವೆಯೇ?

ಬಹುಮಟ್ಟಿಗೆ ಒಪ್ಪುತ್ತವೆ. ಫ್ರಾನ್ಸಿನ ಚಿಂತಕ ರೋಜೆ ಕಾಯ್ವಾ 1958ರಲ್ಲಿ ಆಟಗಳನ್ನು ನಾಲ್ಕು ಬಗೆ ಮಾಡಿದರು. ಪೈಪೋಟಿ, ಅದೃಷ್ಟ, ವೇಷ, ಮತ್ತೆ ತಲೆ ಗಿರ್ರನೆ ತಿರುಗುವ ಖುಷಿ. ಧಾರವಾಡದ ಕಡೆಯವರಿಗೆ ಇದು ಬೇಗ ತಿಳಿಯುತ್ತದೆ. ಗರಡಿಯ ಕುಸ್ತಿ ಪೈಪೋಟಿ. ಕವಡೆ ಹಾಕಿ ಆಡುವ ಚೌಕಾಬಾರಾದಲ್ಲಿ ಅದೃಷ್ಟ ಜಾಸ್ತಿ. ಪಂಚಮಿಯ ಜೋಕಾಲಿ ಕೊನೆಯದು. ವೇಷಕ್ಕೆ ದೊಡ್ಡಾಟ ಇದೆಯಲ್ಲ! ರಾತ್ರಿಯಿಡೀ ಕುಣಿಯುವ ಆ ನಾಟಕಕ್ಕೂ ನಾವು ‘ಆಟ’ ಅಂತಲೇ ಅನ್ನುತ್ತೇವೆ, ಅಲ್ವಾ?

ವಿಡಿಯೋ ಗೇಮ್‌ನಲ್ಲಿ ನಾಲ್ಕೂ ಒಟ್ಟಿಗೇ ಬರಬಹುದು. ಫೋನಿನಲ್ಲಿ ಆಡುವ ಬಂದೂಕಿನ ಗೇಮ್ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ನೋಡಿ. ನೂರು ಜನರಲ್ಲಿ ಕೊನೆಗೆ ಉಳಿಯುವುದು ಪೈಪೋಟಿ. ಯಾವ ಮನೆಯಲ್ಲಿ ಯಾವ ಬಂದೂಕು ಸಿಗುತ್ತದೆ ಅನ್ನುವುದು ಅದೃಷ್ಟ. ತೊಡುವ ಬಟ್ಟೆ, ಮುಖವಾಡ ವೇಷ. ವಿಮಾನದಿಂದ ಜಿಗಿಯುವಾಗ ಸ್ವಲ್ಪ ಜೋಕಾಲಿಯ ಸುಖ.

ಒಪ್ಪದ ಜಾಗವೂ ಇದೆ, ನನಗೆ ಅದೇ ಮುಖ್ಯ. ಆಟಕ್ಕೆ ತನ್ನದೇ ಗೆರೆ ಇರುತ್ತದೆ, ಅದು ದಿನದ ಬದುಕಿನಿಂದ ಬೇರೆ ಎಂದು ನೆದರ್ಲೆಂಡ್ಸ್‌ನ ಇತಿಹಾಸಕಾರ ಯೋಹಾನ್ ಹೌಝಿಂಗಾ 1938ರಲ್ಲಿ ಬರೆದರು. ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರಾ ಮನೆ, ಆಟ ಮುಗಿದರೆ ಅಳಿಸಿಹೋಗುತ್ತದೆ. ಫೋನಿನ ಎಷ್ಟೋ ಗೇಮ್‌ಗಳು ಹಾಗಲ್ಲ. ಊಟಕ್ಕೆ ಕೂತಾಗಲೂ ನೋಟಿಫಿಕೇಶನ್ ಕಳಿಸಿ ಕರೆಯುತ್ತವೆ. ಒಳಗೆ ಏನು ಸಿಗುತ್ತದೋ ಗೊತ್ತಿಲ್ಲದ ಅದೃಷ್ಟದ ಪೆಟ್ಟಿಗೆ ತೆರೆಯಲು ನಿಜವಾದ ದುಡ್ಡು ಕೇಳುತ್ತವೆ.