ಮುಚ್ಚಳ ತೆಗೆದ ಪ್ರೊಸೆಸರ್ ಸತ್ತಿತಾ?

ಪ್ರಶ್ನೆ: ಇಂಟೆಲ್ ಐ7-4770ಕೆ ಪ್ರೊಸೆಸರ್‌ನ ಲೋಹದ ಮುಚ್ಚಳವನ್ನು ಬ್ಲೇಡಿನಿಂದ ಬಿಡಿಸಿ, ಬಿಸಿ ಕಡಿಮೆಯಾಗಲಿ ಅಂತ ಒಳಗೆ ಲಿಕ್ವಿಡ್ ಮೆಟಲ್ ಹಚ್ಚಿದೆ. ಈಗ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಎಸೆಯಬೇಕಾ?
– ಓದುಗ, ಕುಂಬಳೆ

ಉತ್ತರ: ಖಂಡಿತ ಎಸೆಯಬೇಡಿ. ಆದರೆ ಸುಮ್ನೆ ಮತ್ತೆ ಮತ್ತೆ ಪವರ್ ಹಾಕಿ ನೋಡುವುದನ್ನು ಇವತ್ತೇ ನಿಲ್ಲಿಸಿ. ಲಿಕ್ವಿಡ್ ಮೆಟಲ್ ಅಂದರೆ ಗ್ಯಾಲಿಯಂ ಸೇರಿದ ಮಿಶ್ರಲೋಹ, ಅದರಲ್ಲಿ ಕರೆಂಟ್ ಹರಿಯುತ್ತದೆ. 2013ರ ಈ ಪ್ರೊಸೆಸರ್‌ನಲ್ಲಿ ಸಿಲಿಕಾನ್ ಚಿಪ್ಪಿನ ಪಕ್ಕದಲ್ಲೇ ಪುಟ್ಟ ಪುಟ್ಟ ಬಿಡಿಭಾಗಗಳ ಸಾಲಿದೆ. ಒಂದು ಹನಿ ಅತ್ತ ಜಾರಿದರೂ ಶಾರ್ಟ್ ಆಗಬಹುದು. ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಸಾಸಿವೆಗಿಂತ ಸಣ್ಣ ಹೊಳೆಯುವ ಗುಂಡು ಕಂಡರೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಡ್ಸ್‌ನಿಂದ ಮೆಲ್ಲಗೆ ಎತ್ತಿ. ನಮ್ಮ ಕರಾವಳಿಯ ಮಳೆಗಾಲ ಅಲ್ವಾ, ಪೂರ್ತಿ ಒಣಗಲು ಬಿಡಿ.

ಪ್ರೊಸೆಸರ್‌ನ ಹಸಿರು ಹಲಗೆಯ ಮೇಲೆ ಬ್ಲೇಡಿನ ಗೀರು ಆಳವಾಗಿದ್ದರೆ ಒಳಗಿನ ತಂತಿಗೆರೆ ತುಂಡಾಗಿರಬಹುದು, ಆಗ ಆಸೆ ಕಡಿಮೆ.

ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ಟಿನ ಪಿನ್ನು ಬಾಗಿದೆಯಾ, 8 ಪಿನ್ನಿನ ಪವರ್ ಕೇಬಲ್ ಸರಿಯಾಗಿ ಕೂತಿದೆಯಾ, ಅದನ್ನೂ ನೋಡಿ. ಆಮೇಲೂ ಏಳದಿದ್ದರೆ ಕಾಸರಗೋಡು ಪೇಟೆಯ ರಿಪೇರಿ ಅಂಗಡಿಗೆ ಬೋರ್ಡ್ ಒಯ್ಯಿರಿ. ಹಳೆಯ ಪೆಂಟಿಯಂ ಜಿ3220 ಪ್ರೊಸೆಸರ್ ಅದೇ ಸಾಕೆಟ್ಟಿಗೆ ಕೂರುತ್ತದೆ, ಅದನ್ನು ಹಾಕಿಸಿ ನೋಡಿ. ಅದು ಓಡಿದರೆ ಬೋರ್ಡ್ ಚೆನ್ನಾಗಿದೆ, ದೋಷ ನಿಮ್ಮ ಪ್ರೊಸೆಸರ್‌ನದೇ.