ಕುಣಿಸಿದ್ದು ಸರಿ, ಬರೆದಿದ್ದು ಯಾರು?

ಸಾಗರದಿಂದ ನಿವೃತ್ತ ಮೇಷ್ಟ್ರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಹೋದ ಸಂಚಿಕೆಯಲ್ಲಿ ಅಮೆರಿಕದ ಡಿಸ್ಕೋ ಗಾಯಕಿ ಡೊನ್ನಾ ಸಮ್ಮರ್ ಬಗ್ಗೆ ಬಂದ ಲೇಖನ ಅವರಿಗೆ ಹಿಡಿಸಿಲ್ಲ. 'ಶಿವಮೊಗ್ಗ ಸುಬ್ಬಣ್ಣನವರ ಜಿಲ್ಲೆಯ ಪತ್ರಿಕೆಗೆ ಇದು ಬೇಕಿತ್ತಾ? ಮೆಷಿನ್ ಬಡಿತಕ್ಕೆ ನರಳಿದ್ದು ಬಿಟ್ಟರೆ ಅವಳು ಮಾಡಿದ್ದೇನು? ಸಾಹಿತ್ಯ ಬೇರೆಯವರದು, ರಾಗ ಬೇರೆಯವರದು' ಎಂದು ಕೇಳಿದ್ದಾರೆ. ಅಸಲು ವಿಷಯ ಪತ್ರದ ಕೊನೆಗಿದೆ. ಅವರ ತಮ್ಮನ ಮಗಳು ಆರ್ಕೆಸ್ಟ್ರಾದಲ್ಲಿ ಹಾಡುತ್ತಾಳೆ. ಲ್ಯಾಪ್‌ಟಾಪ್‌ನಲ್ಲಿ ಬೀಟ್ ಹಾಕಿಕೊಂಡು ಸ್ವಂತ ಹಾಡೂ ಕಟ್ಟುತ್ತಾಳೆ. ನಮ್ಮ ಲೇಖನ ಓದಿ 'ನಾನೂ ಇದೇ ಮಾಡ್ತೀನಿ' ಅಂದಳಂತೆ. ಮನೆಯಲ್ಲಿ ಗಲಾಟೆ.

ಮೇಷ್ಟ್ರೇ, ಮೊದಲು ಸುಬ್ಬಣ್ಣನವರ ವಿಷಯ. ಹೊಸನಗರ ತಾಲ್ಲೂಕಿನ ನಗರದವರು. ವಕೀಲಿಕೆ ಮಾಡಿಕೊಂಡೇ ಹಾಡಿದವರು. ಹಿನ್ನೆಲೆ ಗಾಯನಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿದ್ದು ಚಂದ್ರಶೇಖರ ಕಂಬಾರರ 'ಕಾಡು ಕುದುರೆ ಓಡಿ ಬಂದಿತ್ತಾ'. ಆ ಹಾಡು ಶುರುವಾದರೆ ಕಾಲು ಅಲ್ಲಾಡಿಸದೆ ಕೂತವರನ್ನು ನಾನಂತೂ ಕಂಡಿಲ್ಲ. ಕುಣಿಸುವ ಹಾಡು ಕೀಳು ಅನ್ನೋದಕ್ಕೆ ಅವರನ್ನು ಸಾಕ್ಷಿಗೆ ಕರೆಯಬೇಡಿ. ನಿಮಗೇ ಪಾಟೀಸವಾಲು ಹಾಕಿಯಾರು.

ಇನ್ನು ನಿಮ್ಮ ದೊಡ್ಡ ಆಕ್ಷೇಪ, ಬರೆದವರು ಬೇರೆಯವರು ಅನ್ನೋದು. ಹೋದ ಸಲದ ಲೇಖನ ಆಕೆಯ ದನಿಯ ಬಗ್ಗೆ ಇತ್ತು. ಪೆನ್ನಿನ ಬಗ್ಗೆ ಇಲ್ಲಿ ಹೇಳುತ್ತೇನೆ. ಯಾಕೆಂದರೆ ಕುಣಿಸುವ ಹಾಡಿನಲ್ಲಿ ಬೀಟ್ ಎಲ್ಲರಿಗೂ ಕೇಳುತ್ತದೆ, ಬರೆದವರು ಯಾರು ಅಂತ ಯಾರೂ ಕೇಳುವುದಿಲ್ಲ.

ಡೊನ್ನಾ ಹುಟ್ಟಿದ್ದು 1948ರಲ್ಲಿ, ಬಾಸ್ಟನ್‌ನಲ್ಲಿ. ಚರ್ಚಿನಲ್ಲಿ ಹಾಡಿ ಬೆಳೆದರು. 1968ರಲ್ಲಿ 'ಹೇರ್' ಎಂಬ ಸಂಗೀತ ನಾಟಕದ ತಂಡ ಸೇರಿ ಜರ್ಮನಿಯ ಮ್ಯೂನಿಕ್‌ಗೆ ಹೋದರು. ಅಲ್ಲಿನ ಭಾಷೆ ಕಲಿತು ಅದರಲ್ಲೇ ಹಾಡಿದರು. ಹೊಟ್ಟೆಪಾಡಿಗೆ ಸ್ಟುಡಿಯೋಗಳಲ್ಲಿ ಬೇರೆಯವರ ಹಾಡಿಗೆ ಕೋರಸ್ ಕೊಟ್ಟರು. ಹಾಡು ಬರೆದು ತಯಾರಿಸುವ ಜಾರ್ಜಿಯೊ ಮೊರೊಡರ್, ಪೀಟ್ ಬೆಲ್ಲೋಟ್ ಅನ್ನೋ ಜೋಡಿಯ ಪರಿಚಯ ಆಗಿದ್ದು ಹಾಗೆ.

ನೀವು ಹೇಳುವ ಆ 'ನರಳುವ' ಹಾಡು 1975ರದ್ದು, 'ಲವ್ ಟು ಲವ್ ಯು ಬೇಬಿ'. ಅದರ ಸಾಲು ಹೊಳೆದಿದ್ದೇ ಡೊನ್ನಾಗೆ. ಬೇರೆ ಯಾರಾದರೂ ಹಾಡಲಿ ಅಂತ ಸುಮ್ನೆ ಮಾದರಿಗೆ ಹಾಡಿಕೊಟ್ಟಿದ್ದರು. ಅಮೆರಿಕದ ಕ್ಯಾಸಾಬ್ಲಾಂಕಾ ಕಂಪನಿಯ ನೀಲ್ ಬೋಗಾರ್ಟ್ ಅದನ್ನು ಪಾರ್ಟಿಯೊಂದರಲ್ಲಿ ಹಾಕಿದರು. ಜನ ಮತ್ತೆ ಮತ್ತೆ ಹಾಕಿಸಿಕೊಂಡರು. ಇದನ್ನು ಉದ್ದ ಮಾಡಿ ಅಂತ ಅವರು ಹೇಳಿ ಕಳಿಸಿದ ಮೇಲೆ ಸುಮಾರು 17 ನಿಮಿಷದ ಹಾಡು ತಯಾರಾಯಿತು. ದೀಪ ಆರಿಸಿ, ಸ್ಟುಡಿಯೋ ನೆಲದ ಮೇಲೆ ಮಲಗಿಕೊಂಡು ಹಾಡಿದರು. ನರಳಾಟ ಇದೆಯಾ? ಇದೆ. ಅದರಿಂದ ಬಂದ ಹೆಸರು ಎಷ್ಟೋ ವರ್ಷ ಬೆನ್ನು ಬಿಡಲಿಲ್ಲ, ಆಕೆಗೂ ಅದು ಹಿಂಸೆಯಾಗಿತ್ತು. ಆದರೆ ಆ ಒಂದು ಹಾಡು ಹಿಡಿದುಕೊಂಡು ಇಡೀ ಬದುಕಿಗೆ ಷರಾ ಬರೆಯೋದು ಮೇಷ್ಟ್ರ ಕೆಲಸ ಅಲ್ಲ, ಅಲ್ವಾ?

ಮೆಷಿನ್ ಅಂದಿರಲ್ಲ, ಅದು 1977ರ 'ಐ ಫೀಲ್ ಲವ್'. ಬಾಸ್ ಡ್ರಮ್ ಒಂದನ್ನು ಕೀತ್ ಫೋರ್ಸಿ ಕೈಯಾರೆ, ಅಲ್ಲಲ್ಲ, ಕಾಲಾರೆ ಬಾರಿಸಿದರು. ಉಳಿದ ವಾದ್ಯವೆಲ್ಲ ಮೂಗ್ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಯಂತ್ರ. ಆಗಿನ ಮೂಗ್ ಸ್ವಲ್ಪ ಹೊತ್ತಿಗೇ ಶ್ರುತಿ ತಪ್ಪುತ್ತಿತ್ತು. ಒಂದು ತುಣುಕು ರೆಕಾರ್ಡ್ ಮಾಡು, ನಿಲ್ಲಿಸು, ಶ್ರುತಿ ಸರಿಮಾಡು, ಮುಂದಿನ ತುಣುಕು ಹಿಡಿ. ಕೇಳುವವರಿಗೆ ಓಡುವ ಕುದುರೆ, ಮಾಡಿದವರಿಗೆ ಅಡಿಕೆ ಸುಲಿಯುವ ಕೆಲಸ. ಆ ಅಲುಗಾಡದ ಬಡಿತದ ಮೇಲೆ ಉಸಿರು, ಜೀವ ಅಂತ ಇರೋದು ಡೊನ್ನಾ ದನಿಯಲ್ಲಿ ಮಾತ್ರ. ಬರೆದವರ ಹೆಸರು ಮೂರು: ಮೊರೊಡರ್, ಬೆಲ್ಲೋಟ್, ಜೊತೆಗೆ ಡೊನ್ನಾ.

ಕಂಪನಿಯ ಕಚೇರಿಯಲ್ಲಿ ಕೆಲಸಕ್ಕಿದ್ದ ಹುಡುಗಿಯೊಬ್ಬಳನ್ನು ಬೀದಿಯಲ್ಲಿ ಪೊಲೀಸರು ಸೂಳೆಗಾರಿಕೆಯವಳು ಅಂತ ತಿಳಿದು ಅವಮಾನ ಮಾಡಿದರು. ಅದರ ಸಿಟ್ಟಿನಲ್ಲಿ ಹುಟ್ಟಿದ್ದು 'ಬ್ಯಾಡ್ ಗರ್ಲ್ಸ್'. ಬ್ರೂಸ್ ಸುಡಾನೊ ಮತ್ತಿಬ್ಬರ ಜೊತೆ ಕೂತು ಡೊನ್ನಾ ಬರೆದರು. (ಈ ಸುಡಾನೊ ಮುಂದೆ ಅವರ ಗಂಡ ಆದರು.) ಬೋಗಾರ್ಟ್ ಕೇಳಿ, ಇದನ್ನು ಶೆರ್ ಎಂಬ ಗಾಯಕಿಗೆ ಕೊಡೋಣ ಅಂದರು. ಡೊನ್ನಾ ಒಪ್ಪಲಿಲ್ಲ. ಹಾಡು ಮೂಲೆ ಸೇರಿತು. ಆಮೇಲೆ ಸ್ಟುಡಿಯೋದ ಎಂಜಿನಿಯರ್ ಒಬ್ಬರ ಕೈಗೆ ಆ ಟೇಪ್ ಸಿಕ್ಕಿ ಮತ್ತೆ ಹೊರಬಂತು. 1979ರ ಜುಲೈ 12ರಂದು ಷಿಕಾಗೋದ ಕ್ರೀಡಾಂಗಣವೊಂದರಲ್ಲಿ ಡಿಸ್ಕೋ ಕಂಡರಾಗದವರು ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ಎರಡೇ ದಿನ ಕಳೆದು, ಜುಲೈ 14ರ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಈ ಹಾಡು ಒಂದನೇ ಜಾಗದಲ್ಲಿತ್ತು.

ಡೊನ್ನಾ, ಸುಡಾನೊ ಇಬ್ಬರೂ ಸೇರಿ 'ಸ್ಟಾರ್ಟಿಂಗ್ ಓವರ್ ಅಗೇನ್' ಅಂತ ಇನ್ನೊಂದು ಹಾಡು ಬರೆದರು. ಸುಡಾನೊ ಅವರ ಅಪ್ಪ ಅಮ್ಮ ಬೇರೆಯಾದ ಕತೆ. ಅದರಲ್ಲಿ ಡಿಸ್ಕೋ ಹೆಸರಿಗೂ ಇಲ್ಲ. 1980ರಲ್ಲಿ ಡಾಲಿ ಪಾರ್ಟನ್ ಹಾಡಿ, ಅಮೆರಿಕದ ಹಳ್ಳಿ ಕಡೆಯ ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಬರೀ ಬಡಿತಕ್ಕೆ ಹಾಡುವವರಿಗೆ ಇದು ಆಗುವ ಕೆಲಸವಾ, ನೀವೇ ಹೇಳಿ.

ನನಗೆ ಎಲ್ಲಕ್ಕಿಂತ ಇಷ್ಟ 1983ರ ಹಾಡು. ಲಾಸ್ ಏಂಜಲೀಸ್‌ನ ದೊಡ್ಡ ರೆಸ್ಟೋರೆಂಟಿನಲ್ಲಿ ಗ್ರ್ಯಾಮಿ ಪ್ರಶಸ್ತಿ ಮುಗಿದ ಮೇಲಿನ ಪಾರ್ಟಿ. ಡೊನ್ನಾ ಹೆಂಗಸರ ಶೌಚಾಲಯಕ್ಕೆ ಹೋದರೆ ಅಲ್ಲಿ ಕೆಲಸಕ್ಕಿದ್ದ ಹೆಂಗಸು ಪುಟ್ಟ ಟಿವಿ ಹಾಕಿಕೊಂಡು ಕೂತಲ್ಲೇ ತೂಕಡಿಸುತ್ತಿದ್ದಾರೆ. ಪಾಪ, ದುಡ್ಡಿಗಾಗಿ ಎಷ್ಟು ದುಡೀತಾಳೆ ಅನ್ನಿಸಿತು. ಆ ಮಾತೇ ಹಾಡಿನ ಪಲ್ಲವಿ ಆಯಿತು, 'ಶಿ ವರ್ಕ್ಸ್ ಹಾರ್ಡ್ ಫಾರ್ ದ ಮನಿ'. ಮೈಕೆಲ್ ಒಮಾರ್ಟಿಯನ್ ಜೊತೆ ಸೇರಿ ಪೂರ್ತಿ ಮಾಡಿದರು. ಆ ಹೆಂಗಸಿನ ಹೆಸರು ಹಾಡಿನ ಶುರುವಿನಲ್ಲೇ ಬರುತ್ತದೆ. ಆಲ್ಬಮ್‌ನ ಹಿಂಬದಿಯ ಫೋಟೋದಲ್ಲಿ ಇಬ್ಬರೂ ಒಂದೇ ಥರದ ಸಮವಸ್ತ್ರ ಹಾಕಿ ನಿಂತಿದ್ದಾರೆ. ತಮಾಷೆ ಏನು ಗೊತ್ತಾ? ಆ ಹೊತ್ತಿಗೆ ಡೊನ್ನಾ ಹಳೇ ಕಂಪನಿ ಮೇಲೆ ಕೇಸು ಹಾಕಿ ಹೊರಬಂದಿದ್ದರು. ರಾಜಿಯಲ್ಲಿ ಇನ್ನೊಂದು ಆಲ್ಬಮ್ ಬಾಕಿ ಉಳಿದಿತ್ತು. ಆ ಬಾಕಿ ತೀರಿಸಲು ಕೊಟ್ಟದ್ದು ಇದೇ ಆಲ್ಬಮ್. ಇಷ್ಟು ದೊಡ್ಡ ಹಾಡು ಹೊಸ ಕಂಪನಿಯ ಕೈ ತಪ್ಪಿತು.

2012ರ ಮೇ 17ರಂದು, 63ನೇ ವಯಸ್ಸಿನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಈಗ ನಿಮ್ಮ ಹುಡುಗಿ. ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣಪತಿ ಹಬ್ಬದಿಂದ ಬೇಸಿಗೆಯ ಜಾತ್ರೆಗಳವರೆಗೆ. ಮಳೆ ಹಿಡಿದರೆ ಕೆಲಸ ಇಲ್ಲ. ನಿಮ್ಮೂರಿನ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಅಷ್ಟರಲ್ಲಿ ಹಾಡೋದೆಲ್ಲ ಸಿನಿಮಾ ಹಾಡೇ. ಅದರ ಸಂಪಾದನೆ ಆ ರಾತ್ರಿಗೆ ಮುಗಿಯುತ್ತದೆ. ಹಾಗಾಗಿ ಡಿಗ್ರಿ ಮುಗಿಸಲಿ ಅನ್ನುವ ನಿಮ್ಮ ಮಾತಿಗೆ ನನ್ನದೂ ಒಂದು ಓಟು. ಸುಬ್ಬಣ್ಣನವರಿಗೂ ವಕೀಲಿಕೆ ಇತ್ತಲ್ಲ. ಆದರೆ ಹಾಡು ಬರೆಯೋದನ್ನು ಬಿಡಿಸಬೇಡಿ. ಆ ಮನೆಯಲ್ಲಿ ಉಳಿಯುವ ಆಸ್ತಿ ಅದೇ.

ಆಸ್ತಿ ಅಂದಿದ್ದು ಸುಮ್ನೆ ಅಲ್ಲ. ನಮ್ಮ ಕಾನೂನಿನಲ್ಲಿ ಸಾಹಿತ್ಯ ಬರೆದವರಿಗೆ, ರಾಗ ಹಾಕಿದವರಿಗೆ ಬದುಕಿರುವವರೆಗೂ, ಆಮೇಲೆ 60 ವರ್ಷವೂ ಹಕ್ಕು ಇರುತ್ತದೆ. 2012ರ ಕಾಪಿರೈಟ್ ತಿದ್ದುಪಡಿ ಬಂದ ಮೇಲೆ, ಹಾಡಿನ ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ ರಾಯಲ್ಟಿಯಲ್ಲಿ ಸಮಪಾಲು ಕೇಳುವ ಹಕ್ಕನ್ನು ಬಿಟ್ಟುಕೊಡುವ ಹಾಗಿಲ್ಲ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಬರೆದವರ, ರಾಗ ಹಾಕಿದವರ ಪಾಲು ವಸೂಲಿ ಮಾಡಿ ಹಂಚುವ ಸೊಸೈಟಿಯ ಹೆಸರು ಐಪಿಆರ್‌ಎಸ್. ಅಲ್ಲಿ ಸದಸ್ಯತ್ವ ಮಾಡಿಸಲಿ, ತನ್ನ ಹಾಡುಗಳನ್ನು ನೋಂದಾಯಿಸಲಿ. ಗೆಳೆಯರ ಜೊತೆ ಕೂತು ಹಾಡು ಕಟ್ಟಿದರೆ ಯಾರ ಪಾಲು ಎಷ್ಟು ಅಂತ ಅವತ್ತೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಲಿ. ಹಾಡು ಗೆದ್ದ ಮೇಲೆ ಆ ಮಾತು ಎತ್ತಿದರೆ ಸ್ನೇಹವೂ ಹೋಗುತ್ತದೆ, ಪಾಲೂ ಹೋಗುತ್ತದೆ. ಕಂಪನಿಯವರು ಕರಾರು ಪತ್ರ ಮುಂದಿಟ್ಟು ಈಗಲೇ ಸಹಿ ಹಾಕಿ ಅಂದರೆ, ಮನೆಗೆ ಹೋಗಿ ದೊಡ್ಡಪ್ಪನ ಹತ್ತಿರ ಓದಿಸಿಕೊಂಡು ಬರ್ತೀನಿ ಅನ್ನಲಿ. ಕೆಂಪು ಪೆನ್ನು ನಿಮ್ಮ ಹತ್ತಿರ ಇನ್ನೂ ಇರಬೇಕು.

ಇನ್ನೊಂದು ಮಾತು. ಸಿನಿಮಾ ಹಾಡುಗಳ ಮಧ್ಯೆ ಒಂದು ಸ್ವಂತ ಹಾಡು ಹಾಡಬೇಕು ಅಂತ ಅವಳಿಗೆ ಆಸೆ, ಸಂಘಟಕರು ಬಿಡುವುದಿಲ್ಲ ಅಂತ ಬರೆದಿದ್ದೀರಿ. ಸ್ಟೇಜ್ ಹತ್ತಿದ ಮೇಲೆ ಕೇಳಿದರೆ ಯಾರೂ ಬಿಡುವುದಿಲ್ಲ. ಅಡ್ವಾನ್ಸ್ ತಗೊಳ್ಳುವಾಗಲೇ ಕೇಳಲಿ, ಊಟ ಮುಗಿಸಿ ಜನ ವಾಪಸ್ ಬಂದು ಕೂರುವ ಹೊತ್ತಿಗೆ ಒಂದು ಹಾಡು ಅಂತ ಒಪ್ಪಿಸಿಕೊಳ್ಳಲಿ. ಆ ಹಾಡನ್ನು ನಮಗೂ ಕಳಿಸಲಿ, ಕೇಳಿ ಹೇಗಿದೆ ಅಂತ ಬರೆಯುತ್ತೇನೆ. ಚೆನ್ನಾಗಿಲ್ಲದಿದ್ದರೆ ಅದನ್ನೂ ಬರೆಯುತ್ತೇನೆ.