ಹಿಂದಿನ ಚಕ್ರದಲ್ಲಿ ಮೂರನೇ ಸ್ಪೋಕ್ ಮುರಿದಿದೆಯಾ? ಇನ್ನು ರಿಪೇರಿ ಬೇಡ

82 ಕೆ.ಜಿ. ತೂಕ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಬೆಂಗಳೂರಿನ ರಸ್ತೆಯಲ್ಲಿ ದಿನಕ್ಕೆ 24 ಕಿ.ಮೀ., ರಿಮ್ಮನ್ನೇ ಉಜ್ಜಿ ನಿಲ್ಲಿಸುವ ರಿಮ್ ಬ್ರೇಕಿನ ಸೈಕಲ್. ಸೈಕಲ್ ಜೊತೆಗೇ ಬಂದ 24 ಸ್ಪೋಕಿನ ಹಿಂದಿನ ಚಕ್ರದಲ್ಲಿ ಮೂರನೆಯದೂ ಹೋಯಿತು, ಕಾರ್ಬನ್ ಚಕ್ರ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ ಸರ್. ನಿಮ್ಮ ತೊಂದರೆಗೂ ಕಾರ್ಬನ್ನಿಗೂ ಸಂಬಂಧವೇ ಇಲ್ಲ.

ಮೂರೂ ಚೈನ್ ಕಡೆಯವು, ಚಕ್ರದ ನಡುವಿನ ಹಬ್ಬಿನ ಹತ್ತಿರ ಬಗ್ಗಿದ ಜಾಗದಲ್ಲೇ ಮುರಿದವು ಎಂದಿದ್ದೀರಿ. ಹೊಡೆತಕ್ಕೆ ಮುರಿದದ್ದಲ್ಲ, ದಣಿದು ಮುರಿದದ್ದು. ಸ್ಪೋಕ್ ನೆಲದ ಕಡೆ ಬಂದಾಗಲೆಲ್ಲ ಒಂಚೂರು ಸಡಿಲಾಗಿ ಮತ್ತೆ ಬಿಗಿಯಾಗುತ್ತದೆ. 24 ಕಿ.ಮೀ.ಗೆ ಇದು 11,000ಕ್ಕೂ ಹೆಚ್ಚು ಸಲ. ಸ್ಪೋಕ್ ಕಡಿಮೆ ಇದ್ದಷ್ಟೂ ಒಂದೊಂದರ ಪಾಲಿನ ಭಾರ ಹೆಚ್ಚು. ಬಿಗಿ ಸಾಲದಿದ್ದರಂತೂ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದ ಹಾಗೆ ಅದೇ ಮೂಲೆಯಲ್ಲಿ ಬಿರುಕು ಬಿಡುತ್ತದೆ. ಉಳಿದ ಸ್ಪೋಕ್‌ಗಳೂ ಅಷ್ಟೇ ಸುತ್ತು ತಿರುಗಿವೆ. ಒಂದೊಂದೇ ಬದಲಾಯಿಸುತ್ತಾ ಕೂತರೆ ನಾಲ್ಕನೆಯದು, ಐದನೆಯದು ಸಾಲಾಗಿ ಬರುತ್ತವೆ.

ಹಿಂದಿನ ಚಕ್ರ ಒಂದನ್ನೇ ಹೊಸದಾಗಿ ಕಟ್ಟಿಸಿ. ಮುಂದಿನದಕ್ಕೆ ಭಾರ ಕಡಿಮೆ, ಅದು ಸದ್ಯಕ್ಕೆ ಇರಲಿ. 32 ಸ್ಪೋಕ್, ಎರಡೂ ಕಡೆ ಮೂರು ಕ್ರಾಸ್, ಅಂದರೆ ಪ್ರತಿ ಸ್ಪೋಕ್ ಅದೇ ಕಡೆಯ ಬೇರೆ ಮೂರನ್ನು ಹಾದುಹೋಗುವ ಹೆಣಿಗೆ. 24ಕ್ಕೆ ಹೋಲಿಸಿದರೆ ಎಂಟು ಸ್ಪೋಕು, ಅದನ್ನು ರಿಮ್ಮಿಗೆ ಬಿಗಿಯುವ ಎಂಟು ನಿಪ್ಪಲ್ ಸೇರಿ ಹೆಚ್ಚುವ ತೂಕ 60 ಗ್ರಾಂ ಒಳಗೆ; ನೀರಿನ ಬಾಟಲಿಯಲ್ಲಿ ಎರಡು ಗುಟುಕು. ಸ್ಪೋಕ್ ಡಬಲ್ ಬಟೆಡ್ ಇರಲಿ: ತುದಿಗಳಲ್ಲಿ 2.0, ನಡುವೆ 1.8 ಮಿ.ಮೀ. ನಡು ಸಣ್ಣಗಿರುವುದರಿಂದ ಹಿಗ್ಗುವಿಕೆ ಅಲ್ಲಿ ನಡೆದು ಬಗ್ಗಿದ ಮೂಲೆ ಉಳಿದುಕೊಳ್ಳುತ್ತದೆ. ಡಿಟಿ ಸ್ವಿಸ್ ಕಾಂಪಿಟಿಷನ್, ಸಪಿಮ್ ರೇಸ್ ಎರಡೂ ಈ ಅಳತೆಯವೇ. ನಿಪ್ಪಲ್ ಹಿತ್ತಾಳೆಯದೇ ಬೇಕು. ಅಲ್ಯೂಮಿನಿಯಂ ನಿಪ್ಪಲ್ ಎರಡು ಮಳೆಗಾಲ ಕಂಡ ಮೇಲೆ ಸ್ಪೋಕಿಗೇ ಕಚ್ಚಿಕೊಂಡು, ಬೆಂಡ್ ತೆಗೆಯಲು ಹೋದಾಗ ತಲೆ ಕಳಚುತ್ತದೆ.

ರಿಮ್ಮಿಗೆ ಡಿಟಿ ಸ್ವಿಸ್ ಆರ್460 ತರಹದ್ದು ಸಾಕು. ಒಳ ಅಗಲ 18 ಮಿ.ಮೀ., 28 ಮಿ.ಮೀ. ಅಗಲದ ಟೈರ್ ಚೆನ್ನಾಗಿ ಕೂರುತ್ತದೆ. ಟೈರ್ ಕೊಳ್ಳುವ ಮೊದಲು ಫ್ರೇಮಿನಲ್ಲೂ ಬ್ರೇಕಿನ ಕೆಳಗೂ ಜಾಗ ನೋಡಿ, ಸುತ್ತಲೂ 4 ಮಿ.ಮೀ. ಉಳಿಯಬೇಕು. ಹಬ್ ಶಿಮಾನೊ 105 ಅಥವಾ ಆರ್‌ಎಸ್‌400. ಬೇರಿಂಗಿನ ಬಾಲು, ಅದನ್ನು ಹಿಡಿಯುವ ಕೋನ್ ಬಿಚ್ಚಿ ತೊಳೆದು ಗ್ರೀಸ್ ಹಾಕುವ ಹಳೇ ಪದ್ಧತಿಯದು, ಹಿಂದೆ ಕಡೆಗೊಂದಕ್ಕೆ ಕಾಲಿಂಚಿನ 9 ಬಾಲು, ಅಷ್ಟೇ. ಫ್ರೇಮಿನೊಳಗೆ ಕೂರುವ ಹಬ್ಬಿನ ಅಗಲ 130 ಮಿ.ಮೀ. ಇರಬೇಕು. ಅಂಗಡಿಯಲ್ಲಿ 135ರ ಎಂಟಿಬಿ (ಮೌಂಟನ್ ಬೈಕ್) ಹಬ್ ತೋರಿಸಿ 'ಅಡ್ಜಸ್ಟ್ ಆಗುತ್ತೆ' ಎಂದರೆ ಎದ್ದು ಬನ್ನಿ. ನಿಮ್ಮದು ಹಿಂದೆ ಒಂಬತ್ತು ಗೇರಿನ 9 ಸ್ಪೀಡ್ ಆದ್ದರಿಂದ 11 ಸ್ಪೀಡಿನ ಹಬ್ಬಿಗೆ ಕ್ಯಾಸೆಟ್ಟಿನ (ಹಿಂದಿನ ಹಲ್ಲುಚಕ್ರಗಳ ಗೊಂಚಲಿನ) ಹಿಂದೆ 1.85 ಮಿ.ಮೀ. ಸ್ಪೇಸರ್ ಬಳೆ ಬೇಕು, ಇಲ್ಲದಿದ್ದರೆ ಕ್ಯಾಸೆಟ್ ಗಡಗಡ ಅಲ್ಲಾಡುತ್ತದೆ.

ಇಷ್ಟೆಲ್ಲ ತಂದರೂ ಕಟ್ಟುವವರ ಕೈ ಸರಿಯಿಲ್ಲದಿದ್ದರೆ ದಂಡ. ಚೈನ್ ಕಡೆ, ಅಂದರೆ ಬಲಗಡೆ, ಒಂದೊಂದು ಸ್ಪೋಕಿಗೆ 110ರಿಂದ 120 ಕೆ.ಜಿ. ಬಿಗಿ ಬರಬೇಕು, ರಿಮ್ ಕಂಪನಿ ಹೇಳಿದ ಮಿತಿಯೊಳಗೆ. ಕ್ಯಾಸೆಟ್ಟಿಗೆ ಜಾಗ ಬಿಡಲು ಬಲಗಡೆ ಫ್ಲ್ಯಾಂಜ್ (ಸ್ಪೋಕ್ ಸಿಕ್ಕಿಸುವ ಹಬ್ಬಿನ ಅಂಚು) ಒಳಕ್ಕೆ ಸರಿದಿರುವುದರಿಂದ ಎಡಗಡೆ ಬಿಗಿ ಅದರ ಅರ್ಧದ ಆಸುಪಾಸಿನಲ್ಲೇ ನಿಲ್ಲುತ್ತದೆ, ಗಾಬರಿ ಬೇಡ. ಬಲಗಡೆಯೇ ಕಡಿಮೆ ಬಿಗಿದರೆ ಎಡಗಡೆಯವು ಪೂರ್ತಿ ಸಡಿಲ. ಟೆನ್ಷನ್ ಮೀಟರ್ ಇಟ್ಟಿದ್ದಾರಾ ಎಂದು ಕೇಳಿ. ಮೀಟರ್ ಇಲ್ಲದೆಯೂ ಒಂದೇ ಕಡೆಯ ಸ್ಪೋಕ್‌ಗಳನ್ನು ಬೆರಳಲ್ಲಿ ಮೀಟಿ ನೋಡಬಹುದು: ತಂಬೂರಿಯ ನಡುವಿನ ಜೋಡಿ ತಂತಿಗಳಂತೆ ಒಂದೇ ಶ್ರುತಿ ಬರಬೇಕು, ಮಂದ್ರಕ್ಕಿಳಿದದ್ದು ಸಡಿಲ. ಕಟ್ಟಿದ ಮೇಲೆ ಅಕ್ಕಪಕ್ಕದ ಜೋಡಿಗಳನ್ನು ಕೈಯಲ್ಲಿ ಬಲವಾಗಿ ಹಿಂಡಬೇಕು. ಬಗ್ಗಿದ ಮೂಲೆ ಹಬ್ಬಿಗೆ ಸರಿಯಾಗಿ ಕೂರುವುದು ಆಗಲೇ. ಯಂತ್ರ ಕಟ್ಟಿದ ಅಗ್ಗದ ಚಕ್ರಗಳಲ್ಲಿ ಬಿಟ್ಟುಹೋಗುವ ಕೆಲಸ ಇದು. 200–300 ಕಿ.ಮೀ. ಓಡಿಸಿ ಇನ್ನೊಮ್ಮೆ ಬೆಂಡ್ ನೋಡಿಸಿ.

ಗಾಳಿ: 28ರ ಟೈರಿಗೆ ಹಿಂದೆ 80–85, ಮುಂದೆ 70–75 ಪಿಎಸ್‌ಐ. 60ಕ್ಕೆ ಇಳಿದ ಟೈರಲ್ಲಿ ಗುಂಡಿ ಹಾರಿದರೆ ಟ್ಯೂಬಿಗೆ ಹಾವು ಕಚ್ಚಿದಂತೆ ಎರಡು ತೂತು, ರಿಮ್ಮಿನ ಅಂಚೂ ಚಪ್ಪಟೆ.

ರಿಮ್ ಬ್ರೇಕಿನವರ ರಿಮ್ಮನ್ನು ತಿನ್ನುವುದು ಮಳೆಗಾಲದ ಕೆಸರು ಮರಳು. ಮಳೆಯಲ್ಲಿ ಬಂದ ದಿನ ರಿಮ್ ಒರೆಸಿ, ಪ್ಯಾಡಿನಲ್ಲಿ ಸಿಕ್ಕ ಹೊಳೆಯುವ ಅಲ್ಯೂಮಿನಿಯಂ ಚೂರುಗಳನ್ನು ಪಿನ್ನಿನಿಂದ ಕಿತ್ತು ಹಾಕಿ. ಬ್ರೇಕ್ ಉಜ್ಜುವ ಜಾಗಕ್ಕೆ ಆಗಾಗ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿ. ನಡುವೆ ತಗ್ಗು ಕಂಡು ಬೆಳಕು ತೂರಿದರೆ, ಅಥವಾ ಸವೆತ ತಿಳಿಯಲೆಂದು ರಿಮ್ಮಿನಲ್ಲಿ ಕೊರೆದ ಗುರುತಿನ ಗೀರು ಅಳಿಸಿದ್ದರೆ, ಹೊಸ ರಿಮ್ ನೋಡುವ ಹೊತ್ತು. ಬ್ರೇಕ್ ಹಿಡಿದಾಗ ಸುತ್ತಿಗೊಮ್ಮೆ 'ಟಕ್' ಎಂದು ಎಳೆದರೆ ರಿಮ್ಮಿನ ಪಕ್ಕದ ಗೋಡೆ ಉಬ್ಬಿರಬಹುದು. ಅವತ್ತು ಸೈಕಲ್ ತಳ್ಳಿಕೊಂಡೇ ಮನೆಗೆ ಹೋಗಿ.

ಕಟ್ಟಿಸುವಾಗ ಎಡ, ಬಲ ಎರಡರ ಉದ್ದದ ಸ್ಪೋಕ್ ಎರಡೆರಡು ಜಾಸ್ತಿ ಕೇಳಿ ಇಸಕೊಳ್ಳಿ. ಬಲಗಡೆಯದು ಒಂದೆರಡು ಮಿ.ಮೀ. ಗಿಡ್ಡ ಇರುತ್ತದೆ, ಟೇಪ್ ಸುತ್ತಿ ಗುರುತು ಬರೆದಿಡಿ.